ಎಡಗಡೆಯ ಅಣಬೆ

ಮಾರ್ಚ್ ೩, ಸೋಮವಾರ

ಈ ಪುಸ್ತಕ ಕೊಟ್ಟವಳು ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮ ಹೇಳಿಕೊಡುವ ಟೀಚರಮ್ಮ. ದಿನಾ ನಾಲ್ಕು ಸಾಲು ಬರೀರಿ, ತಲೆ ಚುರುಕಾಗಿರುತ್ತೆ ಅಂದಳು. ನನ್ನ ತಲೆ ಚುರುಕಿಲ್ಲ ಅಂತ ಈವರೆಗೆ ಯಾರೂ ಅಂದಿಲ್ಲ, ಅಕ್ಕನನ್ನು ಬಿಟ್ಟರೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ನನ್ನ ಅಕ್ಷರ ನೋಡಿ ಮೇಷ್ಟ್ರು ಮುತ್ತು ಪೋಣಿಸಿದ ಹಾಗಿದೆ ಅನ್ನುತ್ತಿದ್ದರು. ಮುತ್ತಿನಲ್ಲಿ ಏನು ಬರೆದಿದೆ ಅನ್ನುವುದರ ಬಗ್ಗೆ ಬೇರೆ ಮಾತಾಡುತ್ತಿದ್ದರು, ಅದು ಇಲ್ಲಿ ಬೇಡ.

ಆದದ್ದು ಇಷ್ಟು. ನಮ್ಮ ಮರಗೆಲಸದ ಕಾರ್ಖಾನೆಯಲ್ಲಿ ಕೆಲಸದ ಮಧ್ಯೆ ತಲೆ ಸುತ್ತಿ ಬಿದ್ದೆ. ಡಾಕ್ಟರು ಲಕ್ವ ಅಂದರು. ಅಷ್ಟು ಓದಿದವರು ಏನಾದರೂ ಒಂದು ಹೆಸರು ಇಡಲೇಬೇಕಲ್ಲ. ನನ್ನ ಪ್ರಕಾರ ಎಡಗೈಗೆ ಜೋಮು ಹಿಡಿದಿದೆ, ಅಷ್ಟೇ. ಬಲಗೈ ಮೊದಲಿನ ಹಾಗೇ ಇದೆ. ನಾನು ಬಡಗಿ, ಕೊಡತಿ ಎತ್ತಿ ಹೊಡೆಯುವುದು ಬಲಗೈ. ಎಡಗೈಗೆ ಏನು ಕೆಲಸ? ಉಳಿ ಹಿಡಿದುಕೊಂಡು ಸುಮ್ಮನಿರುವುದು. ಫೋಟೋದಲ್ಲಿ ದೊಡ್ಡವರ ಪಕ್ಕ ನಿಂತವನ ಹಾಗೆ.

ಹೆಂಡತಿ ಮಕ್ಕಳಿಲ್ಲದವನು, ಆದ್ದರಿಂದ ಅಕ್ಕ ತನ್ನ ಮನೆಗೆ ಎಳೆದುಕೊಂಡು ಬಂದಳು. ನನ್ನನ್ನು ಕಟ್ಟಿಕೊಳ್ಳದವಳು ಯಾರೋ, ಅವಳ ಅದೃಷ್ಟವೇ ಅದೃಷ್ಟ ಅನ್ನುತ್ತಾಳೆ. ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಹಾಕುವಾಗಲೂ ಅಂದಳು. ಗುಂಡಿ ನಾನೇ ಹಾಕಿಕೊಳ್ಳಬಹುದಿತ್ತು. ಅವಳ ಮನಸ್ಸು ನೋಯಿಸಬಾರದು ಅಂತ ಸುಮ್ಮನಿದ್ದೆ.

ಮಾರ್ಚ್ ೪, ಮಂಗಳವಾರ

ಟೀಚರಮ್ಮ ಒಂದು ಕೆಂಪು ರಬ್ಬರ್ ಚೆಂಡು ಕೊಟ್ಟಿದ್ದಾಳೆ. ಎಡಗೈಯಲ್ಲಿ ಹಿಡಿದು ಹಿಸುಕಬೇಕಂತೆ, ಬಿಡಬೇಕಂತೆ, ಮತ್ತೆ ಹಿಸುಕಬೇಕಂತೆ.

"ಹಿಸುಕೋ" ಅಂದಳು ಅಕ್ಕ.

"ಇದು ಮಕ್ಕಳಾಟ ಕಣಕ್ಕ. ನಾನು ತೇಗದ ದಿಮ್ಮಿ ಎತ್ತಿದವನು."

"ಎತ್ತಿದ್ದೆ. ಈಗ ಇದನ್ನ ಎತ್ತು ನೋಡೋಣ."

ನಾನು ಎತ್ತಲಿಲ್ಲ. ಒಂದು ಸಲ ಬಗ್ಗಿದರೆ ಇವರೆಲ್ಲ ತಲೆ ಮೇಲೆ ಕೂರುತ್ತಾರೆ. ಚೆಂಡು ಸೋಫಾದ ಕೆಳಗೆ ಹೋಯಿತು. ಅದು ತಾನಾಗಿಯೇ ಹೋಗಿದ್ದು.

ಮಾರ್ಚ್ ೬, ಗುರುವಾರ

ಅಕ್ಕನ ಮಗಳ ಕೆಲಸ ವಿಚಿತ್ರವಾದದ್ದು. ವಿಡಿಯೋ ಗೇಮ್ ಆಡುತ್ತಾಳೆ, ಆಮೇಲೆ ಅದರಲ್ಲಿ ಏನು ಸರಿ ಇದೆ ಏನು ಸರಿ ಇಲ್ಲ ಅಂತ ಇಂಟರ್ನೆಟ್ಟಿನ ಪತ್ರಿಕೆಗೆ ಬರೆಯುತ್ತಾಳೆ. ಅದಕ್ಕೆ ಸಂಬಳ ಕೊಡುತ್ತಾರೆ. ನಾನು ಅವಳಿಗೆ ಜಡ್ಜಮ್ಮ ಅಂತ ಹೆಸರಿಟ್ಟಿದ್ದೇನೆ.

ಇವತ್ತು ಬಂದು ನನ್ನ ಪಕ್ಕ ಕೂತಳು. "ಮಾವ, ನನಗೊಂದು ಸಹಾಯ ಬೇಕು" ಅಂದಳು. ನನ್ನ ಹತ್ತಿರ ಸಹಾಯ ಕೇಳಿದವರು ಈ ಮನೆಯಲ್ಲಿ ಅವಳೊಬ್ಬಳೇ.

ವಿಷಯ ಹೀಗೆ. ಒಂದು ಜಾತಿಯ ಆಟಗಳಿವೆಯಂತೆ. ನಮ್ಮ ಕೈಗೆ ಒಬ್ಬ ಮನುಷ್ಯನನ್ನು ಕೊಡುತ್ತಾರೆ. ಅವನಿಗೆ ಬಟ್ಟೆ, ಕತ್ತಿ, ತೀರಿಸಬೇಕಾದ ಹಗೆ ಎಲ್ಲ ಇರುತ್ತದೆ. ಅವನನ್ನು ಊರೂರು ತಿರುಗಿಸಿ ಹೊಡೆದಾಡಿಸಬೇಕು. ಹೊಡೆದಾಡಿದಷ್ಟೂ ಬಲ ಬರುತ್ತದೆ. ಒಂದೊಂದು ಆಟದಲ್ಲಿ ಹೊಡೆದಾಟದ ರೀತಿ ಒಂದೊಂದು. ಯಾವುದು ಹೇಗೆ ಬೇರೆ ಅಂತ ಹೋಲಿಸಿ ಅವಳು ದೊಡ್ಡದೊಂದು ಲೇಖನ ಬರೆಯಬೇಕು, ಯಾವತ್ತೂ ಆಡದವರಿಗೂ ತಿಳಿಯುವ ಹಾಗೆ. ಅದಕ್ಕೆ ಯಾವತ್ತೂ ಆಡದವನೊಬ್ಬ ಬೇಕು.

"ನನ್ನ ಸ್ನೇಹಿತರೆಲ್ಲ ಆಡಿ ಆಡಿ ಕೆಟ್ಟಿದ್ದಾರೆ ಮಾವ. ನೀವು ಕೋರಾ ಬಟ್ಟೆ ಇದ್ದ ಹಾಗೆ."

"ಕೋರಾ ಅಲ್ಲ. ಹುಟ್ಟಾ ಯೋಧ ಅಂತ ಬರ್ಕೋ" ಅಂದೆ.

ಮೊದಲನೆಯ ಆಟಕ್ಕೆ ಬರೀ ಮೌಸ್ ಸಾಕು. ಬಲಗೈ ಕೆಲಸ. ಹೆಸರು ಇಂಗ್ಲಿಷಿನಲ್ಲಿ ಒಂದು ಗೇಣು ಉದ್ದ ಇದೆ. ನಾನು ಕೊಯ್ಲಿನ ಆಟ ಅಂತ ಕರೆದೆ. ಮೇಲೆ ಮರ ಹತ್ತಿ ಕೂತು ಹೊಲ ನೋಡಿದ ಹಾಗೆ ಕಾಣುತ್ತದೆ. ದೆವ್ವಗಳು ರಾಶಿ ರಾಶಿ ಬರುತ್ತವೆ. ಒತ್ತಿದರೆ ರಾಶಿ ರಾಶಿ ಬೀಳುತ್ತವೆ. ಒಂದು ದೆವ್ವಕ್ಕೂ ಇನ್ನೊಂದಕ್ಕೂ ಪರಿಚಯ ಇದ್ದ ಹಾಗಿಲ್ಲ, ಮುಂದಿನವನು ಸತ್ತರೂ ಹಿಂದಿನವನು ಅದೇ ದಾರಿಯಲ್ಲಿ ಬರುತ್ತಾನೆ. ಮಧ್ಯಾಹ್ನದ ಊಟದೊಳಗೆ ಮೂರು ಊರು ಉಳಿಸಿದೆ.

ಜಡ್ಜಮ್ಮನಿಗೆ ತೀರ್ಪು ಹೇಳಿದೆ: ಅತ್ಯುತ್ತಮ ಆಟ.

"ಪೀಪಾಯಿ, ಪೆಟ್ಟಿಗೆ ಯಾಕೆ ಒಡೀಲಿಲ್ಲ ಮಾವ? ಒಳಗೆ ಔಷಧಿ ಇರುತ್ತೆ."

ಪೆಟ್ಟಿಗೆಯ ಮೂಲೆ ನೋಡಿದ್ದೆ. ಹಲ್ಲು ಹಲ್ಲು ಕಚ್ಚಿಸಿ ಕೂರಿಸಿದ್ದಾರೆ, ಒಂದೂ ಮೊಳೆ ಇಲ್ಲ. ಯಾರೋ ಪುಣ್ಯಾತ್ಮ ಕೂತು ಮಾಡಿದ್ದು. ದೆವ್ವ ಕೊಲ್ಲು ಅಂದರೆ ಕೊಲ್ಲುತ್ತೇನೆ, ಅದನ್ನು ಒಡೆ ಅಂದರೆ ಹೇಗೆ?

ಮಾರ್ಚ್ ೧೦, ಸೋಮವಾರ

ಎರಡನೆಯ ಆಟ. ಇದಕ್ಕೆ ಮೌಸ್ ಇಲ್ಲ. ಎರಡು ಕೈಯಲ್ಲೂ ಹಿಡಿಯುವ ಒಂದು ಸಾಮಾನು ಕೊಟ್ಟಳು. ಅದರ ಮೇಲೆ ಎರಡು ಅಣಬೆಗಳಿವೆ, ಹೆಬ್ಬೆರಳಿನಿಂದ ಅಲ್ಲಾಡಿಸಬೇಕು. ಎಡಗಡೆಯ ಅಣಬೆ ಅಲ್ಲಾಡಿಸಿದರೆ ಮನುಷ್ಯ ನಡೆಯುತ್ತಾನೆ. ಬಲಗಡೆಯದಕ್ಕೆ ತಲೆ ತಿರುಗಿಸಿ ನೋಡುತ್ತಾನೆ. ಕತ್ತಿ ಬಲಗೈ ಕಡೆ ಇದೆ.

ನನ್ನ ಮನುಷ್ಯ ಕತ್ತಿ ಚೆನ್ನಾಗಿ ಬೀಸಿದ. ನಡೆಯಲಿಲ್ಲ. ಬೇಲಿಯ ಗೂಟದ ಹಾಗೆ ನಿಂತಲ್ಲೇ ನಿಂತು ಗಾಳಿ ಕತ್ತರಿಸಿದ. ಒಬ್ಬ ಮುದುಕ ಕೋಲು ಹಿಡಿದುಕೊಂಡು ನಿಧಾನವಾಗಿ ಬಂದು ಕೊಂದು ಹೋದ.

"ಕೆಟ್ಟ ಆಟ. ಕಾಲಿಲ್ಲದವನನ್ನ ಯುದ್ಧಕ್ಕೆ ಕಳಿಸಿದ್ದಾರೆ" ಅಂದೆ.

ಒಲೆ ಮುಂದಿನಿಂದ ಅಕ್ಕ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಅಂದಳು. ಅವಳಿಗೆ ಆ ಆಟದ ಬಗ್ಗೆ ಏನೂ ಗೊತ್ತಿಲ್ಲ.

ಮಾರ್ಚ್ ೧೧, ಮಂಗಳವಾರ

ಸತ್ತೆ.

ಮಾರ್ಚ್ ೧೨, ಬುಧವಾರ

ಬೆಳಿಗ್ಗೆ ಸತ್ತೆ. ಮಧ್ಯಾಹ್ನ ಸತ್ತೆ. ಸಾಯಂಕಾಲ ಮುದುಕನ ಹತ್ತಿರ ಹೋಗುವ ಮೊದಲೇ ಕಾಲುವೆಗೆ ಬಿದ್ದು ಸತ್ತೆ. ಅಂದರೆ ಕಾಲುವೆಯವರೆಗೆ ನಡೆದಿದ್ದೆ ಅಂತ ಆಯಿತು. ಜಡ್ಜಮ್ಮ ಯಾಕೋ ಚಪ್ಪಾಳೆ ತಟ್ಟಿದಳು. ಸತ್ತವನಿಗೆ ಚಪ್ಪಾಳೆ ತಟ್ಟುವ ಕಾಲ ಬಂತು.

ಮಾರ್ಚ್ ೧೪, ಶುಕ್ರವಾರ

ಈ ಎರಡನೆಯ ಆಟಕ್ಕೆ ಉರುಳಾಟ ಅಂತ ಹೆಸರು ಕೊಟ್ಟಿದ್ದೇನೆ. ಕೊಯ್ಲಿನ ಆಟದಲ್ಲಿ ವೈರಿ ಬೆಳೆ ಇದ್ದ ಹಾಗೆ. ಇಲ್ಲಿ ವೈರಿ ಪರೀಕ್ಷೆ ತೆಗೆದುಕೊಳ್ಳುವ ಮೇಷ್ಟ್ರ ಹಾಗೆ. ಒಬ್ಬನೇ ಬರುತ್ತಾನೆ, ನಿನಗೆ ಏನು ಬರುವುದಿಲ್ಲವೋ ಅದನ್ನೇ ಕೇಳುತ್ತಾನೆ. ಅವನು ಹೊಡೆಯಲು ಕೈ ಎತ್ತಿದ ತಕ್ಷಣ ಎಡಗಡೆಯ ಅಣಬೆಯನ್ನು ಒಂದು ಪಕ್ಕಕ್ಕೆ ತಳ್ಳಿ ಉರುಳಬೇಕು. ಎದ್ದು ಒಂದು ಏಟು. ಮತ್ತೆ ಉರುಳು.

ಇನ್ನೊಂದಿದೆ. ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ. ಅದು ಮನುಷ್ಯನ ದಮ್ಮು. ಹೊಡೆದರೂ ದಮ್ಮು ಖರ್ಚು, ಉರುಳಿದರೂ ಖರ್ಚು. ಗೆರೆ ಖಾಲಿಯಾದರೆ ಕೈ ಎತ್ತಲೂ ಆಗುವುದಿಲ್ಲ. ಹಾಗಾಗಿ ಹೊಡೆಯುವುದಕ್ಕೆ ಅವಕಾಶ ಇದ್ದರೂ ಒಂದೊಂದು ಸಲ ಬಿಟ್ಟು ಹಿಂದೆ ಸರಿಯಬೇಕು. ಇದು ನನ್ನ ಸ್ವಭಾವಕ್ಕೆ ಒಗ್ಗದ ಮಾತು.

ಜಡ್ಜಮ್ಮ ಬರೆದುಕೊಂಡಳು. "ಯಾವ ಆಟದಲ್ಲಿ ಸಿಟ್ಟು ಜಾಸ್ತಿ ಬಂತು ಮಾವ?"

"ಸಿಟ್ಟು ನನಗೆ ಬರಲ್ಲ. ಮುದುಕನಿಗೆ ಬಂದಿರಬೇಕು."

ಮುದುಕನನ್ನು ಮುಗಿಸಿ ಕೋಟೆಯ ಒಳಗೆ ಹೋದೆ. ದೊಡ್ಡ ಬಾಗಿಲು. ಎರಡು ಆಳು ಎತ್ತರ. ಹೊರಕ್ಕೆ ತೆಗೆಯುವ ಬಾಗಿಲಿಗೆ ಕೀಲನ್ನು ಒಳಗಡೆ ಬಡಿದಿದ್ದಾರೆ! ಹಾಗೆ ಬಡಿದರೆ ಬಾಗಿಲು ತೆರೆಯುವುದೇ ಇಲ್ಲ. ಹತ್ತಿರ ಹೋಗಿ ನೋಡುತ್ತಾ ನಿಂತಿದ್ದೆ, ಹಿಂದಿನಿಂದ ಯಾರೋ ಈಟಿ ಹಾಕಿದ.

"ಮಾವ, ಯುದ್ಧದ ಮಧ್ಯೆ ಏನು ನೋಡ್ತಿದ್ರಿ?"

"ಕೀಲು."

ಅವಳು ಅದನ್ನೂ ಬರೆದುಕೊಂಡಳು.

ಅಂದ ಹಾಗೆ, ಒಗೆದು ಒಗೆದು ನನ್ನ ನೀಲಿ ಅಂಗಿಯ ಕಾಜಗಳು ಸಡಿಲವಾಗಿವೆ. ಇವತ್ತು ಗುಂಡಿ ತಾವೇ ಒಳಗೆ ಹೋದವು. ಮೇಲಿನದೊಂದು ಬಿಟ್ಟು.

ಮಾರ್ಚ್ ೧೬, ಭಾನುವಾರ

ಮೂಲಮಟ್ಟ ಬಂದಿದ್ದ. ಕಾರ್ಖಾನೆಯಲ್ಲಿ ನನ್ನ ಅರ್ಧ ಪಾಲುದಾರ. ಮರದ ಮೂಲೆ ನೇರ ಇದೆಯೋ ಇಲ್ಲವೋ ಅಂತ ನೋಡುವ ಸಾಧನಕ್ಕೆ ಮೂಲಮಟ್ಟ ಅನ್ನುತ್ತೇವೆ. ಈ ಮನುಷ್ಯನಿಗೆ ಗೋಡೆಯ ಕ್ಯಾಲೆಂಡರ್ ಸೊಟ್ಟಗಿದ್ದರೂ ಊಟ ಸೇರುವುದಿಲ್ಲ, ಆದ್ದರಿಂದ ಆ ಹೆಸರು ಅವನಿಗೇ ಉಳಿಯಿತು.

ಅವನು ಬಂದಾಗ ನಾನು ಟೀವಿಯ ಮುಂದೆ ಇಬ್ಬರು ಬಿಲ್ಲುಗಾರರ ಮಧ್ಯೆ ಇದ್ದೆ. "ಬಾರೋ ನಿನ್ನಜ್ಜಿ!" ಅಂತ ಕೂಗಿದ್ದು ಬಿಲ್ಲುಗಾರನಿಗೆ. ಬಾಗಿಲಲ್ಲಿ ನಿಂತಿದ್ದವನು ಮೂಲಮಟ್ಟ.

"ರೆಸ್ಟ್ ತಗೋತಿದ್ದಾನೆ ಅಂದ್ರು" ಅಂದ.

ಆಟದ ಸಾಮಾನು ಪಕ್ಕಕ್ಕಿಟ್ಟು ಎಡಗೈಯನ್ನು ಜೇಬಿಗೆ ಹಾಕಿದೆ. ಜೇಬಿನಲ್ಲಿ ಕೈ ಇಟ್ಟುಕೊಂಡು ಮಾತಾಡುವುದು ನನ್ನ ಶೈಲಿ. ಮೊದಲಿನಿಂದಲೂ.

"ಕೈ ಹೇಗಿದೆ?"

"ಹುಲಿ. ನಾಳೆ ಬೇಕಾದ್ರೆ ಬರ್ತೀನಿ."

ಅಕ್ಕ ಟೀ ತಂದಳು. ಅವನು ಲೋಟವನ್ನು ಸಾಸರಿನ ಸರಿಯಾದ ಮಧ್ಯಕ್ಕೆ ಸರಿಸಿದ, ಆಮೇಲೆ ಬಾಯಿ ಬಿಟ್ಟ. ಲೈಬ್ರರಿಯವರ ಮಹಡಿ ಮೆಟ್ಟಿಲಿಗೆ, ಹತ್ತುವಾಗ ಹಿಡಿದುಕೊಳ್ಳುವ ಮರದ ಕೈಪಿಡಿ ಮಾಡಿಕೊಡುವ ಕೆಲಸ ಬಂದಿದೆ. ಕೆಳಗಿನಿಂದ ಮೇಲಿನವರೆಗೆ ಸುತ್ತಿಕೊಂಡು ಹೋಗುವಂಥದ್ದು, ಪ್ರತಿ ಕಂಬಕ್ಕೂ ಒಂದು ಕಚ್ಚು ಕೊರೆದು ಕೂರಿಸಬೇಕು. ಒಬ್ಬನಿಂದ ಆಗುವುದಿಲ್ಲ. ಹೊಸಬನೊಬ್ಬನನ್ನು ಇಟ್ಟುಕೊಂಡಿದ್ದಾನೆ. ಹೊಸಬ ಈಗ ನನ್ನ ಬೆಂಚಿನ ಮೇಲೆ ಕೆಲಸ ಮಾಡುತ್ತಿದ್ದಾನೆ.

ನನ್ನ ಬೆಂಚು.

"ಸದ್ಯಕ್ಕೆ" ಅಂದ ಮೂಲಮಟ್ಟ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳುವಾಗ ಕಿವಿ ಕೆಂಪಾಗುತ್ತದೆ. ಆಮೇಲೆ ನಿಜ ಹೇಳಿದ. "ನೋಡಯ್ಯ, ಉಳಿ ಜಾರಿ ನಿನ್ನ ಬೆರಳು ಹೋದ್ರೆ ನಾನು ಅಕ್ಕನಿಗೆ ಮುಖ ತೋರಿಸೋಕಾಗಲ್ಲ. ನೀನು ಮುಂದಿನ ಕೋಣೇಲಿ ಕೂತ್ಕೊಂಡು ಬಂದವರ ಹತ್ರ ಮಾತಾಡು. ಮಾತು ನಿನಗೆ ಚೆನ್ನಾಗಿ ಬರುತ್ತೆ."

"ನಾನು ಬಡಗಿನೋ, ಬೊಂಬೇನೋ?"

"ಹಾಗಾದ್ರೆ ಏಪ್ರಿಲ್ ಎರಡಕ್ಕೆ ಬಾ. ಬುಧವಾರ. ಕೈಪಿಡಿಗೆ ಒಂದು ಕಚ್ಚು ಹಾಕಿ ತೋರ್ಸು. ಆಯ್ತು ಅಂದ್ರೆ ಬೆಂಚು. ಇಲ್ಲ ಅಂದ್ರೆ ಮುಂದಿನ ಕೋಣೆ."

"ಒಂದೇ ಯಾಕೆ, ಹತ್ತು ಹಾಕ್ತೀನಿ."

ಅವನು ಹೋದ ಮೇಲೆ ಅಕ್ಕ ಅವನ ಲೋಟ ತೊಳೆಯಲು ಒಳಗೆ ಹೋದಳು.

ಮಾರ್ಚ್ ೧೭, ಸೋಮವಾರ

ಅಕ್ಕ ಅಂಗಡಿಗೆ ಹೋಗಿದ್ದಾಗ ಒಂದು ಉಳಿ ತೆಗೆದುಕೊಂಡು ಅಡುಗೆಮನೆಯ ಸ್ಟೂಲಿಗೆ ಸಣ್ಣದೊಂದು ಕಚ್ಚು ಹಾಕಲು ಕೂತೆ. ಆ ಸ್ಟೂಲು ಹಳೆಯದು. ಮರವೂ ಸುಮಾರು. ತಾನಾಗಿಯೇ ಸೀಳಿಕೊಂಡಿತು. ಉಳಿ ನೆಲಕ್ಕೆ ಬಿದ್ದು ಕಾಲಿನ ಹತ್ತಿರ ನಿಂತಿತು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಗಾದೆ ಇದೆ. ನಾನು ಬಿದ್ದಿಲ್ಲ. ಬಿದ್ದದ್ದು ಉಳಿ.

ಸ್ಟೂಲನ್ನು ಗೋಡೆಗೆ ಒರಗಿಸಿಟ್ಟೆ, ಸೀಳು ಕಾಣದ ಹಾಗೆ. ಅಕ್ಕ ಬಂದು ಅದರ ಮೇಲೆ ಕೂತಳು. ಅದನ್ನು ವಿವರವಾಗಿ ಬರೆಯುವುದಿಲ್ಲ.

ಮಾರ್ಚ್ ೧೮, ಮಂಗಳವಾರ

ಆಡಲಿಲ್ಲ. ಗುಂಡಿ ಅಕ್ಕ ಹಾಕಿದಳು.

ಮಾರ್ಚ್ ೧೯, ಬುಧವಾರ

ಜಡ್ಜಮ್ಮ ಮೂರನೆಯ ಆಟ ಹಾಕಿ ಕಾಯುತ್ತಿದ್ದಳು. ನಾನು ಗೋಡೆ ನೋಡುತ್ತಾ ಮಲಗಿದ್ದೆ.

"ಮಾವ, ಲೇಖನ ಅರ್ಧಕ್ಕೆ ನಿಂತಿದೆ."

"ನೀನೇ ಆಡ್ಕೊ."

"ನಾನು ಆಡಿದ್ರೆ ಆಡಲು ಬರೋಳ ಕಥೆ ಆಗುತ್ತೆ. ಅದನ್ನ ಎಲ್ರೂ ಬರೀತಾರೆ."

"ನನ್ನ ಕೈಲಿ ಆಗಲ್ಲ."

ಹೇಳಿಬಿಟ್ಟೆ. ಬಾಯಿ ತಪ್ಪಿ. ಅವಳು ಅಳುತ್ತಾಳೇನೋ ಅಂತ ಹೆದರಿಕೆಯಾಯಿತು. ಹೆಣ್ಣುಮಕ್ಕಳು ಅತ್ತರೆ ನನಗೆ ಏನು ಮಾಡಬೇಕು ಅಂತ ತೋಚುವುದಿಲ್ಲ. ಅಳಲಿಲ್ಲ.

"ಸರಿ ಬಿಡಿ. 'ಮೂರನೆಯ ಆಟಕ್ಕೆ ನಮ್ಮ ಹುಟ್ಟಾ ಯೋಧ ಹೆದರಿದರು' ಅಂತ ಬರೀತೀನಿ. ಓದೋರು ಸಾವಿರಾರು ಜನ."

ಎದ್ದು ಕೂತೆ.

ಮೂರನೆಯದಕ್ಕೆ ತಡೆಯಾಟ ಅಂತ ಹೆಸರು. ಇಲ್ಲಿ ಉರುಳುವ ಹಾಗಿಲ್ಲ. ಆ ಸಾಮಾನಿನ ಎಡ ಹೆಗಲ ಮೇಲೆ ಒಂದು ಗುಂಡಿ ಇದೆ, ತೋರುಬೆರಳಿನಲ್ಲಿ ಒತ್ತಬೇಕು. ವೈರಿಯ ಕತ್ತಿ ನಮಗೆ ತಾಗುವ ಆ ಗಳಿಗೆಯಲ್ಲೇ ಒತ್ತಿದರೆ ಠಣ್ ಅಂತ ಸದ್ದಾಗಿ ಅವನ ಕಾಲು ತಪ್ಪುತ್ತದೆ. ಬೇಗ ಒತ್ತಿದರೆ ಸಾವು. ತಡವಾದರೆ ಸಾವು. ಬಲಗೈಗೆ ಹೆಚ್ಚು ಕೆಲಸವೇ ಇಲ್ಲ. ಎಡಗೈ ಎಲ್ಲ ಮಾಡಿದ ಮೇಲೆ ಕೊನೆಗೆ ಬಂದು ಒಂದು ಏಟು ಹಾಕಿ ಹೆಸರು ತೆಗೆದುಕೊಳ್ಳುತ್ತದೆ.

ಇಡೀ ಮಧ್ಯಾಹ್ನ ಒಬ್ಬ ಕುಂಟ ಕಾವಲುಗಾರನ ಕೈಯಲ್ಲಿ ಸತ್ತೆ. ಒಂದೂ ಠಣ್ ಇಲ್ಲ.

ಆಮೇಲೆ ಅವಳು ಮಹಡಿಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತು. "ತೋರುಬೆರಳು ಒತ್ತುತ್ತೆ ಮೇಡಂ, ಆದ್ರೆ ಬಿಡೋದು ನಿಧಾನ" ಅನ್ನುತ್ತಿದ್ದಳು. ಆ ಕಡೆ ಇದ್ದದ್ದು ಚೆಂಡಿನ ಟೀಚರಮ್ಮ. ಅಂದರೆ ಆ ಟೀಚರಮ್ಮನೂ ಈ ಆಟ ಆಡುತ್ತಾಳೆ, ಅವಳಿಗೂ ಬಿಡುವುದು ನಿಧಾನ. ಆಸ್ಪತ್ರೆಯಲ್ಲಿ ಕೆಲಸ ಕಡಿಮೆ ಅಂತ ಕಾಣುತ್ತದೆ. ಮುಂದಿನ ಸಲ ಹೋದಾಗ ನಾಲ್ಕು ಉಪಾಯ ಹೇಳಿಕೊಡಬೇಕು.

ಮಾರ್ಚ್ ೨೨, ಶನಿವಾರ

ಠಣ್.

ಮಾರ್ಚ್ ೨೩, ಭಾನುವಾರ

ನಿನ್ನೆ ಸಂತೋಷದಲ್ಲಿ ಹೆಚ್ಚು ಬರೆಯಲಾಗಲಿಲ್ಲ. ಇವತ್ತು ಸರಿಯಾಗಿ ಬರೆಯುತ್ತೇನೆ.

ದೊಡ್ಡ ದಿಮ್ಮಿ ಸೀಳುವಾಗ ಇಬ್ಬರು ಎಳೆಯುವ ಗರಗಸ ಇರುತ್ತದೆ. ಆಚೆ ಒಬ್ಬ, ಈಚೆ ಒಬ್ಬ. ಹೊಸದಾಗಿ ಹಿಡಿದವನು ಮಾಡುವ ತಪ್ಪು ಏನು ಅಂದರೆ, ಆಚೆಯವನು ಎಳೆಯುವಾಗ ಇವನು ತಳ್ಳುತ್ತಾನೆ, ಸಹಾಯ ಮಾಡುತ್ತೇನೆ ಅಂದುಕೊಂಡು. ಗರಗಸ ಬಳುಕುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. ಅವನ ಸರದಿಯಲ್ಲಿ ಅವನನ್ನು ಎಳೆಯಲು ಬಿಡಬೇಕು. ನಮ್ಮ ಕೈ ಹಿಡಿಯ ಮೇಲೆ ಇರಬೇಕು, ಆದರೆ ಏನೂ ಮಾಡಬಾರದು. ಏನೂ ಮಾಡದೆ ಹಿಡಿದುಕೊಂಡಿರುವುದೇ ಕಷ್ಟದ ಕೆಲಸ.

ಕುಂಟ ಕಾವಲುಗಾರ ಅಷ್ಟೇ. ಅವನು ಕತ್ತಿ ಎತ್ತಿದಾಗ ನಾನು ತಳ್ಳುತ್ತಿದ್ದೆ. ನಿನ್ನೆ ಬಿಟ್ಟೆ. ಅವನ ಕತ್ತಿ ಪೂರ್ತಿ ಇಳಿಯುವವರೆಗೆ ಬೆರಳನ್ನು ಗುಂಡಿಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದೆ. ಠಣ್ ಅಂದಿತು. ಅಕ್ಕ ಒಳಗಿನಿಂದ "ಏನು ಬಿತ್ತೋ?" ಅಂದಳು.

"ಕಾವಲುಗಾರ!" ಅಂದೆವು ನಾನೂ ಜಡ್ಜಮ್ಮನೂ.

ಅವಳಿಗೆ ಗರಗಸದ ಮಾತು ಹೇಳಿದೆ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಮಾವ, ಇದನ್ನ ಹೇಗಿದೆಯೋ ಹಾಗೇ ಹಾಕ್ತೀನಿ." ಹಾಕು ಅಂದೆ. ಜೊತೆಗೆ ಒಂದು ಫೋಟೋ ಹಾಕು ಅಂದೆ, ಮೀಸೆ ಕಾಣುವ ಹಾಗೆ.

ಮಾರ್ಚ್ ೨೬, ಬುಧವಾರ

ನಾಲ್ಕನೆಯ ಆಟವೂ ಒಂದಿತ್ತು. ಅದರಲ್ಲಿ ಹೊಡೆದಾಟದ ಮಧ್ಯೆ ಎಲ್ಲರನ್ನೂ ನಿಲ್ಲಿಸಿ, ನೀನು ಬಾಣ ಬಿಡು, ನೀನು ಮಂತ್ರ ಹಾಕು, ನೀನು ಹಿಂದಿನಿಂದ ಬಾ ಅಂತ ಮೂರು ನಾಲ್ಕು ಜನರಿಗೆ ಕೆಲಸ ಹಂಚಬಹುದು. ವೈರಿ ಕತ್ತಿ ಎತ್ತಿದ ಹಾಗೇ ನಿಂತು ಕಾಯುತ್ತಾನೆ, ಪಾಪ. ನಾನು ಎಲ್ಲರಿಗೂ ಒಂದೇ ಕೆಲಸ ಹಂಚಿದೆ: ಹೊಡಿ. ಅದಕ್ಕೆ ಮಂತ್ರದವಳು ಕೋಲು ಹಿಡಿದು ಮುಂದೆ ಓಡಿ ಸತ್ತಳು. ಈ ಆಟ ಅಕ್ಕನಿಗೆ ಸರಿ, ಎಲ್ಲರನ್ನೂ ನಿಲ್ಲಿಸಿ ಕೆಲಸ ಹೇಳುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಹಾಗಂತ ಹೇಳಿದೆ.

ಅಕ್ಕ ಕೈ ಒರೆಸಿಕೊಂಡು ಬಂದು ಕೂತಳು. ಆದರೆ ಕೊಯ್ಲಿನ ಆಟವೇ ಬೇಕು ಅಂದಳು. ಮೌಸ್ ಹಿಡಿದಳು. ಒಂದು ದೆವ್ವವನ್ನೂ ಬಿಡಲಿಲ್ಲ. ಪೀಪಾಯಿ ಒಡೆದಳು, ಪೆಟ್ಟಿಗೆ ಒಡೆದಳು, ಯಾರದೋ ಮನೆಗೆ ನುಗ್ಗಿ ಹೂಜಿ ಒಡೆದಳು.

"ಅಕ್ಕಾ, ಅದು ಒಳ್ಳೇ ಪೆಟ್ಟಿಗೆ!"

"ಸ್ಟೂಲು ಒಡೆದವನು ನೀನು, ಮಾತಾಡಬೇಡ."

ಸಾರು ಸೀದು ಹೋದರೂ ಎದ್ದು ಬರಲಿಲ್ಲ. ಈ ಮನೆಯಲ್ಲಿ ನನ್ನ ನಂತರದ ಯೋಧ ಅವಳೇ.

ಮಾರ್ಚ್ ೨೯, ಶನಿವಾರ

ಲೇಖನ ಬಂತು. ಜಡ್ಜಮ್ಮ ಓದಿ ಹೇಳಿದಳು. ಕೊಯ್ಲಿನ ಆಟದಲ್ಲಿ ಆಡುವವನಿಗೆ ತಾನು ಬಲಶಾಲಿ ಅಂತ ಅನ್ನಿಸುತ್ತದೆ. ಉರುಳಾಟದಲ್ಲಿ ತನ್ನ ಬಲ ಎಷ್ಟು ಅಂತ ತಿಳಿಯುತ್ತದೆ. ತಡೆಯಾಟದಲ್ಲಿ ಎದುರಿನವನ ಬಲ ಎಲ್ಲಿ ಮುಗಿಯುತ್ತದೆ ಅಂತ ಕಾಯುವುದು ಬರುತ್ತದೆ. ಹೀಗೆಲ್ಲ ಬರೆದಿದ್ದಾಳೆ. ಇದನ್ನು ನಾನೇ ಹೇಳಿದ್ದೆ ಅಂತ ಕಾಣುತ್ತದೆ, ಇಷ್ಟು ಚೆನ್ನಾಗಿ ಹೇಳಿದ್ದೆ ಅಂತ ನೆನಪಿಲ್ಲ. ಗರಗಸದ ಮಾತು ಹಾಗೇ ಇದೆ. ಕೀಲಿನ ವಿಷಯವೂ ಇದೆ. ಓದಿದ ಒಬ್ಬ, ಆ ಬಾಗಿಲಿನ ಕೀಲು ತಪ್ಪು ಅಂತ ನಾವು ಯಾರೂ ಇಷ್ಟು ವರ್ಷ ನೋಡಿರಲಿಲ್ಲ ಅಂತ ಬರೆದಿದ್ದಾನೆ. ಇನ್ನೊಬ್ಬ, ಈ ಮಾವನಿಗೆ ಕೆಲಸ ಇಲ್ಲವಾ ಅಂತ ಕೇಳಿದ್ದಾನೆ.

ಎರಡನೆಯವನ ಮಾತು ಮಧ್ಯಾಹ್ನದವರೆಗೆ ಕಿವಿಯಲ್ಲಿ ಇತ್ತು.

"ಯಾವ ಆಟ ಅತ್ಯುತ್ತಮ ಅಂತ ಕೊನೆಗೆ ಬರೀಬೇಕಿತ್ತು ಮಾವ. ನೀವು ಕೊಯ್ಲಿನ ಆಟ ಅಂದಿದ್ರಿ ಅಂತ ಅದನ್ನೇ ಹಾಕಿದೀನಿ."

"ಅದಾ? ಅದರಲ್ಲಿ ಏನಿದೆ, ಬರೀ ಬಲಗೈ" ಅಂದೆ.

ಏಪ್ರಿಲ್ ೧, ಮಂಗಳವಾರ

ನಾಳೆ ಕಾರ್ಖಾನೆಗೆ ಹೋಗಬೇಕು. ಊಟ ಸೇರಲಿಲ್ಲ. ಬಿಸಿಲು ಜಾಸ್ತಿ, ಅದಕ್ಕೆ.

ಅಕ್ಕ ಇಸ್ತ್ರಿ ಮಾಡಿದ ಅಂಗಿ ತಂದು ಕುರ್ಚಿಯ ಮೇಲೆ ಹಾಕಿದಳು. "ಮುಂದಿನ ಕೋಣೇಲಿ ಕೂತ್ರೂ ಅನ್ನ ಅನ್ನವೇ ಕಣೋ" ಅಂದಳು. ಅವಳು ಇಷ್ಟು ಮೆತ್ತಗೆ ಮಾತಾಡಿದ್ದು ನಾನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಒಂದು ಸಲ. ಆಗಲೂ ಹೆದರಿಕೆ ಆಗಿತ್ತು.

ಏಪ್ರಿಲ್ ೨, ಬುಧವಾರ

ಕ್ರಮವಾಗಿ ಬರೆಯುತ್ತೇನೆ.

ಕಾರ್ಖಾನೆಯ ಒಳಗೆ ಕಾಲಿಟ್ಟ ಕೂಡಲೇ ಮರದ ಪುಡಿಯ ವಾಸನೆ, ಅಂಟು ಕಾಯಿಸಿದ ವಾಸನೆ. ಕಣ್ಣಿಗೆ ಪುಡಿ ಬಿದ್ದು ನೀರು ಬಂತು. ಹೊಸಬ ನನ್ನ ಬೆಂಚಿನ ಹತ್ತಿರ ನಿಂತಿದ್ದ. ನಲವತ್ತು ದಾಟಿದವನು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ. ಎಲ್ಲ ಉಳಿಗಳನ್ನೂ ಅಗಲದ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದಾನೆ. ಅದನ್ನು ನೋಡಿಯೇ ಮೂಲಮಟ್ಟ ಅವನಿಗೆ ಮನಸೋತಿರಬೇಕು. ನಾನು ಉಳಿಗಳನ್ನು ಇಡುತ್ತಿದ್ದದ್ದು ಒಂದು ಹಳೆಯ ಬಕೆಟ್ಟಿನಲ್ಲಿ.

"ಬನ್ನಿ ಅಣ್ಣ" ಅಂತ ಸರಿದು ಜಾಗ ಬಿಟ್ಟ. ಅವನನ್ನು ಬೈಯಬೇಕು ಅಂತ ದಾರಿಯಲ್ಲಿ ಮೂರು ಮಾತು ತಯಾರು ಮಾಡಿಕೊಂಡು ಹೋಗಿದ್ದೆ. ಮೂರೂ ವ್ಯರ್ಥವಾದವು.

ಮೂಲಮಟ್ಟ ಕೈಪಿಡಿಯ ಒಂದು ತುಂಡನ್ನು ಬೆಂಚಿಗೆ ಬಿಗಿದು ಕೊಟ್ಟ. ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಕೊರೆಯಬೇಕಾದದ್ದು ಮೂರು ಬದಿ.

ಎಡಗೈಗೆ ಉಳಿ ಕೊಟ್ಟೆ. ಹಿಡಿಯಿತು. ಮೊದಲನೆಯ ಬದಿಗೆ ಕೊಡತಿಯಿಂದ ಸಣ್ಣ ಸಣ್ಣ ಏಟು ಹಾಕಿದೆ. ಹಿಂದೆ ಆಗಿದ್ದರೆ ಸದ್ದು ಕೇಳಿ ಪಕ್ಕದ ಅಂಗಡಿಯವನು ಇಣುಕುತ್ತಿದ್ದ. ಇವತ್ತು ಯಾರೂ ಇಣುಕಲಿಲ್ಲ. ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು. ಎರಡನೆಯ ಬದಿಯೂ ಆಯಿತು. ಮೂರನೆಯದಕ್ಕೆ ಉಳಿ ಇಟ್ಟೆ. ಹೆಬ್ಬೆರಳು ನಡುಗಿತು.

ಉಳಿ ಕೆಳಗಿಟ್ಟೆ.

"ಯಾಕೆ?" ಅಂದ ಮೂಲಮಟ್ಟ.

"ದಮ್ಮು ಖಾಲಿ. ಲಕ್ವ ಹೊಡೆದ ಕೈ ಅಲ್ವೇನಯ್ಯ, ಒಂದು ಸಲಕ್ಕೆ ಇಷ್ಟೇ ಆಗೋದು. ಸ್ವಲ್ಪ ತಡಿ, ಮತ್ತೆ ತುಂಬುತ್ತೆ."

"ಏನು ತುಂಬುತ್ತೆ?"

ಅವನಿಗೆ ಹಸಿರು ಗೆರೆಯ ವಿಷಯ ಹೇಳುತ್ತಾ ಕೂತರೆ ಸಾಯಂಕಾಲ ಆಗುತ್ತದೆ. ಮರದ ಪುಡಿಯ ಮೂಟೆಯ ಮೇಲೆ ಕೂತೆ. ಹೊಸಬ ನೀರು ತಂದುಕೊಟ್ಟ. "ನಾನು ಮುಗಿಸ್ಲಾ ಅಣ್ಣ?" ಅಂದ. ಬೇಡ ತಮ್ಮ, ಕಾಯೋಣ ಅಂದೆ. ಮೂವರೂ ಕಾದೆವು. ಮೂಲಮಟ್ಟ ಗಡಿಯಾರ ನೋಡಲಿಲ್ಲ. ಸುಮ್ಮನೆ ನಿಂತು ಗೋಡೆಯ ಕ್ಯಾಲೆಂಡರನ್ನು ನೇರ ಮಾಡಿದ.

ಬೆರಳು ಸುಮ್ಮನಾದ ಮೇಲೆ ಎದ್ದು ಮೂರನೆಯ ಬದಿ ಕೊರೆದೆ. ಕಂಬ ತಂದು ಕೂರಿಸಿದೆ. ಕೂತಿತು.

"ಈ ಕಡೆ ಮೂಲೇಲಿ ಒಂದು ಕಾಗದ ಹೋಗೋಷ್ಟು ಸಂದಿ ಇದೆ" ಅಂದೆ.

ಮೂಲಮಟ್ಟ ಕಾಗದ ತಂದು ತೂರಿಸಿ ನೋಡಿದ. ಹೋಯಿತು. ಬಹಳ ಹೊತ್ತು ಆ ಮೂಲೆಯನ್ನೇ ನೋಡಿದ. "ಮೊದಲಾಗಿದ್ರೆ ಮರ ಸರಿ ಇಲ್ಲ ಅಂತಿದ್ದೆ."

"ಮರ ಚೆನ್ನಾಗೇ ಇದೆ."

ನನ್ನ ಕೈಚಳಕ ನೋಡಿ ಅವನು ದಂಗಾಗಿ ಹೋದ ಅನ್ನುವುದು ಸ್ಪಷ್ಟ. ಕೊನೆಗೆ ಹೇಳಿದ: ಕೈಪಿಡಿ ಕೆಲಸಕ್ಕೆ ಹೇಗೂ ಇಬ್ಬರು ಬೇಕು. ಹೊಸಬ ಇರುವಲ್ಲೇ ಇರಲಿ. ನನಗೆ ಕಿಟಕಿಯ ಹತ್ತಿರ ಇನ್ನೊಂದು ಬೆಂಚು. ಸದ್ಯಕ್ಕೆ ಬೆಳಗಿನ ಹೊತ್ತು ಮಾತ್ರ. ಸದ್ಯಕ್ಕೆ ಅನ್ನುವಾಗ ಅವನ ಕಿವಿ ನೋಡಿದೆ. ಅವನ ಮೈಬಣ್ಣದಲ್ಲೇ ಇತ್ತು.

ಇಬ್ಬರೂ ಸೇರಿ ಹಿಂದಿನ ಕೋಣೆಯಿಂದ ಬೆಂಚು ಹೊತ್ತು ತಂದು ಕಿಟಕಿಯ ಹತ್ತಿರ ಹಾಕಿದರು. ಗೋಡೆಗೆ ಸಮನಾಗಿ, ಮೂಲಮಟ್ಟನ ಇಷ್ಟದ ಹಾಗೆ. ನಾನು ಲೋಟದಲ್ಲಿ ಉಳಿದ ನೀರು ಕುಡಿಯುತ್ತಾ ನೋಡುತ್ತಿದ್ದೆ.

"ಹೀಗಲ್ಲ. ತಿರುಗ್ಸಿ" ಅಂದೆ.

"ಹೀಗೆ ನೇರ ಇದೆಯಲ್ಲೋ!"

"ನೇರ ಇದೆ, ಆದ್ರೆ ಬೆಳಕು ಬಲಗಡೆಯಿಂದ ಬರುತ್ತೆ. ಕೊಡತಿ ಎತ್ತಿದಾಗಲೆಲ್ಲ ಎಡಗೈ ಮೇಲೆ ನೆರಳು ಬೀಳುತ್ತೆ. ಅದು ಏನು ಮಾಡ್ತಿದೆ ಅಂತ ನನಗೆ ಕಾಣಬೇಕು."

ಬೆಂಚು ಭಾರ. ಅವರಿಬ್ಬರಿಂದ ತಿರುಗಲಿಲ್ಲ. ನಾನೂ ಹೋಗಿ ಒಂದು ಮೂಲೆ ಹಿಡಿದೆ. ಬಲಗೈಯಲ್ಲಿ ನೀರಿನ ಲೋಟ ಇತ್ತು.